ಶಿವಕಾಂತಾ ತೂಗಿದ ಲಿಫ್ಟು

ಒಂದು ಪೆಟ್ಟಿಗೆ ಟೈಲ್ಸಿನ ತೂಕ ಮೈನಸ್ ಎರಡು ಕಿಲೋ ಎಂದು ನಾನು ಒಮ್ಮೆ ಲೆಕ್ಕ ಮಾಡಿ ತೆಗೆದಿದ್ದೇನೆ. ಮೂವತ್ತನಾಲ್ಕು ವರ್ಷ ಪುಣೆಯ ಕನ್ನಡ ಶಾಲೆಯೊಂದರಲ್ಲಿ ಗಣಿತ ಕಲಿಸಿದವನು, ಕನ್ನಡಕ ಹಾಕಿಕೊಂಡು, ಪೆನ್ನು ಹಿಡಿದು, ಜನರ ಎದುರಿಗೆ ತೆಗೆದ ಉತ್ತರ ಅದು. ಅದಕ್ಕಿಂತ ನಾಚಿಕೆಯ ವಿಷಯವೆಂದರೆ, ಆ ಉತ್ತರ ನೋಡಿ ನನಗೆ ನನ್ನ ಮೇಲೆ ಅನುಮಾನ ಬರಲಿಲ್ಲ. ಶಿವಕಾಂತಾಳ ಮೇಲೆ ಬಂತು.

ಕೋಥರೂಡಿನ ನಮ್ಮ ಸೊಸಾಯಿಟಿ ಹಳೆಯದಾಯಿತೆಂದು ಅದನ್ನು ಕೆಡವಿ ಹನ್ನೆರಡು ಅಂತಸ್ತಿನ ಕಟ್ಟಡ ಕಟ್ಟುತ್ತಿದ್ದಾರೆ. ಅದು ಮುಗಿಯುವವರೆಗೆ ನಾನು, ನನ್ನ ಹೆಂಡತಿ ಎದುರಿನ ರಸ್ತೆಯಲ್ಲಿ ಬಾಡಿಗೆಗೆ ಇದ್ದೇವೆ. ಬಿಲ್ಡರ್ ಎಂದರೆ ನನಗೆ ಹುಟ್ಟಿನಿಂದಲೇ ನಂಬಿಕೆ ಇಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಹತ್ತಕ್ಕೆ ಕೊಡೆ ಹಿಡಿದು ಹೋಗಿ, ಗೋಡೆ ಬಡಿದು ನೋಡಿ, ಸೂಪರ್‌ವೈಸರ್ ವಿಕಾಸನಿಗೆ ನಾಲ್ಕು ಪ್ರಶ್ನೆ ಕೇಳಿ ಬರುತ್ತಿದ್ದೆ. ಆ ಹುಡುಗ ಬಾರಾಮತಿ ಕಡೆಯವನು. ಮರಾಠಿಯಲ್ಲಿ ‘ಕಾಕಾ, ಕಾಕಾ’ ಎಂದು ಚಹಾ ಕುಡಿಸಿ ನನ್ನನ್ನು ಸಾಗಹಾಕುತ್ತಿದ್ದ. ನಾನೂ ಅಷ್ಟು ಸುಲಭಕ್ಕೆ ಸಾಗುತ್ತಿರಲಿಲ್ಲ.

ಅಲ್ಲಿಯೇ ಒಂದು ದಿನ ಯಾರೋ ಹೆಣ್ಣುಮಗಳು ಅಚ್ಚ ಕಲಬುರ್ಗಿ ಕನ್ನಡದಲ್ಲಿ ಗಾರೆ ಕೆಲಸದ ಒಬ್ಬ ಗೌಂಡಿಯನ್ನು ತರಾಟೆಗೆ ತೆಗೆದುಕೊಳ್ಳುವುದು ಕೇಳಿಸಿತು. ಲಿಫ್ಟಿನ ಬಾಗಿಲು ಪೂರ್ತಿ ಹಾಕದೆ ಗುಂಡಿ ಒತ್ತು ಎಂದಿದ್ದನಂತೆ. ಅವಳೇ ಶಿವಕಾಂತಾ. ಕಟ್ಟಡದ ಹೊರಮೈಗೆ ಕಂಬ ನೆಟ್ಟು ಮಾಲನ್ನೂ ಮಂದಿಯನ್ನೂ ಮೇಲೆ ಸಾಗಿಸುವ ಲಿಫ್ಟು ಇರುತ್ತದಲ್ಲ, ಅದನ್ನು ನಡೆಸುವವಳು. ನೆಲದ ಮೇಲೆ ಪ್ಲೈವುಡ್ಡಿನ ಒಂದು ಗೂಡು, ಅದರೊಳಗೆ ಗುಂಡಿಗಳ ಪೆಟ್ಟಿಗೆ, ತೂಕ ತೋರಿಸುವ ಕೆಂಪು ಅಂಕಿ, ಒಂದು ಪ್ಲಾಸ್ಟಿಕ್ ಕುರ್ಚಿ. ಆ ಕುರ್ಚಿಯ ಮೇಲೆ ಅವಳು ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದಳು.

ಆ ಕುರ್ಚಿಯ ಕತೆ ಅವಳೇ ಹೇಳಿದ್ದು. ಹುಟ್ಟಿದ್ದು ಸೇಡಂ ತಾಲೂಕಿನ ಒಂದು ಹಳ್ಳಿ. ಶಾಲೆ ಮೂರನೆಯ ಇಯತ್ತೆಗೆ ಮುಗಿಯಿತು. ಆಮೇಲೆ ಹಾಸುಗಲ್ಲಿನ ಖಣಿಯಲ್ಲಿ ತಾಯಿಯ ಜೊತೆ ಕಲ್ಲು ಹೊತ್ತಳು. ಹದಿನೆಂಟಕ್ಕೆ ಟೈಲ್ಸ್ ಕೂರಿಸುವ ಅಂಬಣ್ಣನನ್ನು ಮದುವೆಯಾಗಿ ಪುಣೆಗೆ ಬಂದಳು. ವಾಕಡ, ಬಾಣೇರ, ಹಿಂಜವಡಿ ಎಂದು ಕಟ್ಟಡ ಮುಗಿದಲ್ಲೆಲ್ಲ ತಗಡಿನ ಪತ್ರೆ ಶೆಡ್ಡು ಬಿಚ್ಚಿಕೊಂಡು ಮುಂದಿನ ಕಟ್ಟಡಕ್ಕೆ ಹೋದಳು. ಇಪ್ಪತ್ತೆರಡು ವರ್ಷ ತಲೆಯ ಮೇಲೆ ಘಮೇಲಿ. ಕಾಂಕ್ರೀಟು ತುಂಬಿದ ಆ ಕಬ್ಬಿಣದ ಬುಟ್ಟಿ ಕಡೆಗೆ ಅವಳ ಕುತ್ತಿಗೆಯ ಎಲುಬನ್ನೇ ಸವೆಸಿತು. ಕೈಬೆರಳು ಜೋಮು ಹಿಡಿಯತೊಡಗಿದವು. ಇನ್ನು ಭಾರ ಹೊತ್ತರೆ ಕೈ ಬಿದ್ದುಹೋಗುತ್ತದೆ ಎಂದು ಸರ್ಕಾರಿ ದವಾಖಾನೆಯ ಡಾಕ್ಟರು ಹೇಳಿದ್ದರು. ಅದೇ ಹೊತ್ತಿಗೆ ಲಿಫ್ಟು ನಡೆಸುವವನು ರಾಂಜಣಗಾಂವದ ಕಾರ್ಖಾನೆಗೆ ಹೊರಟುಹೋದ. ಗುಂಡಿ ಒತ್ತಲು ಯಾರಾದರೇನು ಎಂದು ವಿಕಾಸ ಇವಳನ್ನು ಕೂರಿಸಿದ. ಜೀವಮಾನದಲ್ಲಿ ಮೊದಲ ಸಲ ಕೂತು ಮಾಡುವ ಕೆಲಸ. ಮೊದಲ ದಿನ ಕೂತು ಕೂತು ಕಾಲು ನೋವು ಬಂತೆಂದು ಹೇಳಿ ನಕ್ಕಿದ್ದಳು.

ನಾನು ಕನ್ನಡದವನೆಂದು ಗೊತ್ತಾದ ಮೇಲೆ ನಮ್ಮ ಚಹಾ ಅವಳ ಗೂಡಿನ ಹತ್ತಿರವೇ ಆಗತೊಡಗಿತು. ಅವಳಿಗೆ ಓದು ಅಷ್ಟಕ್ಕಷ್ಟೇ, ಆದರೆ ಅಂಕಿ ಪಕ್ಕಾ. ಪ್ಲೈವುಡ್ ಗೋಡೆಯ ಮೇಲೆ ಇದ್ದಿಲಿನಿಂದ ಏನೇನೋ ಗೆರೆ ಎಳೆದಿರುತ್ತಿದ್ದಳು. ನಾನು ಕೇಳಲಿಲ್ಲ. ಮಾಸ್ತರಿಕೆ ಮಾಡಿದವನಿಗೆ ಬೇರೆಯವರು ಗೋಡೆಯ ಮೇಲೆ ಬರೆದದ್ದನ್ನು ಓದುವ ಅಭ್ಯಾಸ ಇರುವುದಿಲ್ಲ.

ಹೋದ ದಸರೆ ಮುಗಿದ ವಾರ. ಒಂದು ಬುಧವಾರ ನಾನು ಹೋದಾಗ ಲಿಫ್ಟು ನಿಂತಿತ್ತು, ವಿಕಾಸ ಕೂಗಾಡುತ್ತಿದ್ದ. ಮರುದಿನ ಬೆಳಿಗ್ಗೆ ಹನ್ನೆರಡನೆಯ ಅಂತಸ್ತಿಗೆ ಟೈಲ್ಸು ಏರಬೇಕು, ಅದರ ಜೊತೆಗೇ ಕೂರಿಸುವ ಆರು ಜನ ಗೌಂಡಿಗಳೂ ಹೋಗಬೇಕು. ಲಿಫ್ಟಿನ ಮಿತಿ ಒಂದು ಸಾವಿರ ಕಿಲೋ. ಅಷ್ಟಾದರೆ ಗಂಟೆ ಹೊಡೆಯುತ್ತದೆ. ಗಂಟೆ ಹೊಡೆಯುವವರೆಗೆ ತುಂಬಿಸು ಎನ್ನುವುದು ವಿಕಾಸನ ಮಾತು. ಎಂಟುನೂರಾ ಎಂಬತ್ತು ತೋರಿಸಿದ ಮೇಲೆ ಒಂದು ಪೆಟ್ಟಿಗೆಯನ್ನೂ ಇಡಗೊಡುವುದಿಲ್ಲ ಎನ್ನುವುದು ಇವಳ ಹಟ. ಆ ಆರು ಜನರಲ್ಲಿ ಅವಳ ಗಂಡ ಅಂಬಣ್ಣನೂ ಒಬ್ಬ.

ಏಕೆ ಎಂದು ಕೇಳಿದೆ.

“ಕಾಟಾ ಸುಳ್ಳ ಹೇಳ್ಲತ್ತದ್ರಿ ಮಾಸ್ತರ,” ಎಂದಳು, ತೂಕದ ಕೆಂಪು ಅಂಕಿಯ ಕಡೆ ಬೆರಳು ಮಾಡಿ. “ನೂರಾ ಇಪ್ಪತ್ತು ಕಿಲೋ ನುಂಗಲತ್ತದ.”

ಏಳನೆಯ ಅಂತಸ್ತಿನ ಹತ್ತಿರ ಲಿಫ್ಟಿನ ದನಿ ಬದಲಾಗಿದೆ ಎಂದು ಅವಳಿಗೆ ಎರಡು ತಿಂಗಳಿಂದ ಅನುಮಾನ. ಒಬ್ಬನೇ ಮನುಷ್ಯ ಹತ್ತಿದರೆ ಅಂಕಿ ಸೊನ್ನೆಯಲ್ಲೇ ನಿಲ್ಲುತ್ತದೆ ಎನ್ನುವುದನ್ನೂ ನೋಡಿದ್ದಳು. ಅದಕ್ಕೆ ವಿಕಾಸನ ಬಳಿ ಉತ್ತರವಿತ್ತು: ಇದು ಮಾಲು ತೂಗುವ ಯಂತ್ರ, ಒಬ್ಬಿಬ್ಬರು ಮನುಷ್ಯರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಸೈಟಿನಲ್ಲಿ ಎಲ್ಲರೂ ಅದನ್ನೇ ನಂಬಿದ್ದರು.

ಅವಳು ಗೋಡೆಯ ಕಡೆ ಕೈ ತೋರಿಸಿದಳು. ಇದ್ದಿಲಿನ ಮೂರು ಸಾಲು. ಉದ್ದ ಗೆರೆ ಎಂದರೆ ಟೈಲ್ಸಿನ ಪೆಟ್ಟಿಗೆ, ಗುಂಡು ಎಂದರೆ ಸೈಟಿನಲ್ಲೇ ತುಂಬಿದ ಮರಳಿನ ಚೀಲ, ಕೊನೆಗೆ ಯಂತ್ರ ತೋರಿಸಿದ ಅಂಕಿ. ಹತ್ತು ಪೆಟ್ಟಿಗೆ, ಆರು ಚೀಲ: ಮುನ್ನೂರಾ ಹತ್ತು. ಹತ್ತು ಪೆಟ್ಟಿಗೆ, ಹತ್ತು ಚೀಲ: ನಾನೂರಾ ಹತ್ತು. ಹದಿನಾಲ್ಕು ಪೆಟ್ಟಿಗೆ, ಹತ್ತು ಚೀಲ: ಐನೂರಾ ಇಪ್ಪತ್ತೆರಡು.

ನನಗೆ ಖುಷಿಯಾಯಿತು. ಎರಡು ಅಜ್ಞಾತ, ಮೂರು ಸಮೀಕರಣ. ನನ್ನದೇ ಅಂಗಳ. ವಿಕಾಸನೂ ಗೌರವದಿಂದ ಹಿಂದೆ ಸರಿದು, ಕಾಕಾ ಏನು ಹೇಳುತ್ತಾರೋ ಅದೇ ಎಂದುಬಿಟ್ಟ. ಎರಡು ಅಜ್ಞಾತಕ್ಕೆ ಎರಡು ಸಮೀಕರಣ ಸಾಕೆಂದು ಮೊದಲನೆಯದನ್ನೂ ಮೂರನೆಯದನ್ನೂ ಆರಿಸಿಕೊಂಡೆ. ಒಂದನ್ನು ಹತ್ತರಿಂದ ಗುಣಿಸಿದೆ, ಇನ್ನೊಂದನ್ನು ಆರರಿಂದ. ಚೀಲಗಳು ಎರಡೂ ಕಡೆ ಅರವತ್ತಾದವು. ಕಳೆದೆ, ಚೀಲ ಹೋಯಿತು. ಪುಸ್ತಕದಲ್ಲಿ ಇದಕ್ಕೆ ವರ್ಜಿಸುವ ವಿಧಾನ ಎನ್ನುತ್ತಾರೆ. ನಾನು ಇದನ್ನು ಸಾವಿರ ಸಲವಾದರೂ ಹಲಗೆಯ ಮೇಲೆ ಮಾಡಿದ್ದೇನೆ. ಪೆಟ್ಟಿಗೆಯ ತೂಕ ಬಂತು. ಮೈನಸ್ ಎರಡು.

ಎರಡನೆಯ ಸಲ ಮಾಡಿದೆ. ಮತ್ತೆ ಮೈನಸ್ ಎರಡು. ಟೈಲ್ಸಿನ ಪೆಟ್ಟಿಗೆ ಬಲೂನಿನ ಹಾಗೆ ಹಾರುವುದಿಲ್ಲ ಎನ್ನುವಷ್ಟು ಬುದ್ಧಿ ನನಗಿತ್ತು. ನನ್ನ ಲೆಕ್ಕ ತಪ್ಪಿಲ್ಲ, ಆದ್ದರಿಂದ ಅಂಕಿ ತಪ್ಪು. ಅಂಕಿ ಬರೆದುಕೊಂಡವಳು ಮೂರನೆಯ ಇಯತ್ತೆ.

“ಶಿವಕಾಂತಾ, ನೀ ಎಲ್ಲೋ ಓದೂದ್ರಾಗ ತಪ್ಪೀ,” ಎಂದೆ.

ಅವಳು ವಾದ ಮಾಡಲಿಲ್ಲ. ಓದಿದ್ದು ಖರೇ ಇದೆ ಎಂದಷ್ಟೇ ಮೆಲ್ಲಗೆ ಹೇಳಿದಳು. ವಿಕಾಸ ನನ್ನ ಕಾಗದವನ್ನು ಜಂಭದಿಂದ ಮಡಚಿ ಕಿಸೆಯಲ್ಲಿಟ್ಟುಕೊಂಡ. ಅಂಕಿ ಓದಲು ಬಾರದವಳು ಲಿಫ್ಟಿನ ಹತ್ತಿರ ಬೇಡ, ನಾಳೆಯಿಂದ ಇವಳಿಗೆ ಮತ್ತೆ ಘಮೇಲಿ, ಲಿಫ್ಟು ತಾನೇ ನಡೆಸುತ್ತೇನೆ ಎಂದ. ಅವಳು ಕುರ್ಚಿಯಿಂದ ಎದ್ದಳು. ಎದ್ದವಳು ಸೆರಗಿನಿಂದ ಕುರ್ಚಿಯ ಮೇಲಿನ ಧೂಳು ಒರೆಸಿ ಹೋದಳು.

ಮನೆಗೆ ಬಂದರೆ ಊಟ ಸೇರಲಿಲ್ಲ. ಮೈನಸ್ ಎರಡು ನನ್ನ ತಟ್ಟೆಯಲ್ಲೇ ಕೂತಿತ್ತು. ಹೆಂಡತಿ ಚಪಾತಿ ಆರಿಹೋಗುತ್ತಿದೆ ಎಂದರೂ ಹಾಲಿನ ಬಿಲ್ಲಿನ ಹಿಂದೆ ಮತ್ತೆ ಮಾಡಿದೆ. ಈ ಸಲ ಮೊದಲನೆಯ ಎರಡು ಸಾಲು ಹಿಡಿದೆ. ಪೆಟ್ಟಿಗೆ ಹದಿನಾರು ಕಿಲೋ. ಕೊನೆಯ ಎರಡು ಸಾಲು ಹಿಡಿದೆ. ಪೆಟ್ಟಿಗೆ ಇಪ್ಪತ್ತೆಂಟು ಕಿಲೋ. ಒಂದೇ ಪೆಟ್ಟಿಗೆ ಮೂರು ತೂಕ. ಶಾಲೆಯಲ್ಲಾಗಿದ್ದರೆ ‘ಪರಿಹಾರವಿಲ್ಲ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದು ಮುಂದಿನ ಲೆಕ್ಕಕ್ಕೆ ಹೋಗುತ್ತಿದ್ದೆ. ಆದರೆ ಮುಂದಿನ ಲೆಕ್ಕ ಇರಲಿಲ್ಲ. ನಾಳೆ ಬೆಳಿಗ್ಗೆ ಆರು ಜನ ಹತ್ತುವವರಿದ್ದರು. ಅವಳ ನೂರಾ ಇಪ್ಪತ್ತು ಎಲ್ಲಿಂದ ಬಂತೆಂದು ನಾನು ಕೇಳಿಯೇ ಇರಲಿಲ್ಲ. ನನ್ನ ಮೂರು ಉತ್ತರಗಳಲ್ಲಿ ಅದು ಎಲ್ಲೂ ಇಲ್ಲ.

ಮೂರು ಗಂಟೆಯ ಬಿಸಿಲಿನಲ್ಲಿ ಕೊಡೆ ಮರೆತು ಓಡಿದೆ. ಓಡಿದೆ ಎಂದರೆ ಎಪ್ಪತ್ತರವನು ಓಡುವಷ್ಟು. ಕೆಲಸ ಬದಲಾಗುವುದು ನಾಳೆಯಿಂದ ಎಂದಿದ್ದರೂ ಅವಳು ಆಗಲೇ ಘಮೇಲಿ ಹೊತ್ತಿದ್ದಳು. ತಲೆಯ ಮೇಲೆ ಸಿಂಬಿ, ಅದರ ಮೇಲೆ ಮರಳು, ಒಂದು ಕೈ ಘಮೇಲಿಗೆ, ಇನ್ನೊಂದು ಕೈ ಕುತ್ತಿಗೆಗೆ. ಇಳಿಸು ಎಂದೆ. ಇಳಿಸಿದಳು. ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಚ್ಚುತ್ತ ನಿಂತಳು. ನಾನು ಏನು ಮಾಡಿದ್ದೇನೆ ಎನ್ನುವುದು ಆಗ ನನಗೆ ಪೂರ್ತಿ ತಿಳಿಯಿತು. ನನ್ನ ಮೇಲೆ ನನಗೆ ಹೇಸಿಗೆಯಾಯಿತು.

ನೂರಾ ಇಪ್ಪತ್ತು ಹೇಗೆ ತೆಗೆದೆ, ಹೇಳಿಕೊಡು ಎಂದು ಕೇಳಿದೆ. ಹೇಳಿಕೊಡು ಎನ್ನುವ ಮಾತು ನಾನು ಕಡೆಯ ಸಲ ಯಾರಿಗೆ ಹೇಳಿದ್ದೆನೋ ನೆನಪಿಲ್ಲ.

ಅವಳು ನೆಲದ ಮೇಲೆ ಮರಳು ಸವರಿ ಬೆರಳಿನಿಂದ ಆ ಮೂರು ಸಾಲು ಬರೆದಳು. ಬರೆಯುವ ಮೊದಲು ನನ್ನನ್ನೇ ಒಂದು ಪ್ರಶ್ನೆ ಕೇಳಿದಳು. ಅಂಗನವಾಡಿಯಲ್ಲಿ ಕೂಸನ್ನು ಹೇಗೆ ತೂಗುತ್ತಾರೆ? ಕೂಸು ತಕ್ಕಡಿಯ ಮೇಲೆ ಸುಮ್ಮನೆ ನಿಲ್ಲುವುದಿಲ್ಲ. ತಾಯಿ ಕೂಸನ್ನು ಎತ್ತಿಕೊಂಡು ನಿಲ್ಲುತ್ತಾಳೆ, ಆಮೇಲೆ ಕೂಸನ್ನು ಬೇರೆಯವರ ಕೈಗೆ ಕೊಟ್ಟು ಒಬ್ಬಳೇ ನಿಲ್ಲುತ್ತಾಳೆ, ಎಷ್ಟು ಇಳಿಯಿತೋ ಅಷ್ಟು ಕೂಸು. ತನ್ನ ಇಬ್ಬರು ಹೆಣ್ಣುಮಕ್ಕಳನ್ನೂ ಹಾಗೆಯೇ ತೂಗಿಸಿದ್ದಳಂತೆ. ಅವಳೂರಿನ ಅಂಗನವಾಡಿಯ ತಕ್ಕಡಿ ಕೆಟ್ಟದ್ದು, ಯಾರೂ ನಿಲ್ಲದಿದ್ದಾಗಲೂ ಮುಳ್ಳು ನಾಲ್ಕು ಕಿಲೋದ ಮೇಲೆ ಇರುತ್ತಿತ್ತು. ಆದರೂ ಕೂಸಿನ ತೂಕ ಎಂದೂ ತಪ್ಪಲಿಲ್ಲ.

“ಯಾಕಂದ್ರ ಸುಳ್ಳು ಎರಡೂ ಸಲ ಅಷ್ಟ ಇರ್ತದ್ರಿ,” ಎಂದಳು. “ಎರಡೂ ಕಡಿ ಇದ್ದದ್ದು ಅಳಸ್ರಿ. ತಾಯಿನೂ ಹೋಗ್ತಾಳ, ಸುಳ್ಳೂ ಹೋಗ್ತದ. ಕೂಸು ಉಳೀತದ.”

ಅಷ್ಟು ಹೇಳಿ ಅಂಗೈಯಿಂದ ಮೊದಲನೆಯ ಸಾಲಿನ ಹತ್ತು ಗೆರೆ ಅಳಿಸಿದಳು, ಎರಡನೆಯ ಸಾಲಿನ ಹತ್ತು ಗೆರೆ ಅಳಿಸಿದಳು. ಆರು ಗುಂಡು ಇಲ್ಲಿ, ಆರು ಗುಂಡು ಅಲ್ಲಿ ಅಳಿಸಿದಳು. ಎರಡನೆಯ ಸಾಲಿನಲ್ಲಿ ನಾಲ್ಕು ಚೀಲ ಉಳಿದವು. ಅಂಕಿ ಏರಿದ್ದು ನೂರು. ಚೀಲ ಇಪ್ಪತ್ತೈದು. ಹಾಗೆಯೇ ಎರಡನೆಯದಕ್ಕೂ ಮೂರನೆಯದಕ್ಕೂ. ಚೀಲಗಳೆಲ್ಲ ಹೋಗಿ ನಾಲ್ಕು ಪೆಟ್ಟಿಗೆ ಉಳಿದವು. ಏರಿದ್ದು ನೂರಾ ಹನ್ನೆರಡು. ಪೆಟ್ಟಿಗೆ ಇಪ್ಪತ್ತೆಂಟು. ಈಗ ಮೊದಲನೆಯ ಸಾಲಿಗೆ ಹಿಂದಿರುಗಿ ಎಂದಳು. ಹತ್ತು ಪೆಟ್ಟಿಗೆ ಇನ್ನೂರಾ ಎಂಬತ್ತು, ಆರು ಚೀಲ ನೂರಾ ಐವತ್ತು, ಕೂಡಿದರೆ ನಾನೂರಾ ಮೂವತ್ತು. ಯಂತ್ರ ಹೇಳಿದ್ದು ಮುನ್ನೂರಾ ಹತ್ತು.

“ಉಳದದ್ದು ಎಲ್ಲಿ ಹೋತು ಮಾಸ್ತರ? ಅದರ ಹೊಟ್ಟ್ಯಾಗ ಅದ.”

ನಾನು ಮರಳಿನ ಮೇಲೆ ಕೂತುಬಿಟ್ಟೆ. ಅಜ್ಞಾತ ಎರಡಲ್ಲ, ಮೂರು. ಮೂರನೆಯದು ಯಂತ್ರದ ಸುಳ್ಳು. ಯಂತ್ರ ತೋರಿಸಿದ ಅಂಕಿಯನ್ನು ನಾನು ಕಣ್ಣು ಮುಚ್ಚಿ ಸಮಚಿಹ್ನೆಯ ಆಚೆ ಬರೆದಿದ್ದೆ, ದೇವರೇ ಹೇಳಿದ ಹಾಗೆ. ಇವಳು ಅದನ್ನು ನಂಬಲೂ ಇಲ್ಲ, ಒಡೆದು ಬಿಸಾಡಲೂ ಇಲ್ಲ. ಆ ಸುಳ್ಳಿನಿಂದಲೇ ನಿಜ ತೂಕ ತೆಗೆದು, ಆ ನಿಜ ತೂಕದಿಂದ ಸುಳ್ಳು ಎಷ್ಟೆಂದು ತೂಗಿದ್ದಳು. ಅದಕ್ಕಾಗಿ ಒಂದು ಸಲ ಚೀಲವನ್ನಷ್ಟೇ, ಇನ್ನೊಂದು ಸಲ ಪೆಟ್ಟಿಗೆಯನ್ನಷ್ಟೇ ಬದಲಿಸಿ ಲಿಫ್ಟು ತುಂಬಿಸಿದ್ದಳು. ಆ ಮೂರು ಸಾಲು ಕಾಕತಾಳೀಯ ಆಗಿರಲಿಲ್ಲ. ಮೂವತ್ತನಾಲ್ಕು ವರ್ಷ ನಾನು ಕಲಿಸಿದ್ದು ಕಳೆಯುವುದನ್ನು. ಕಳೆದರೆ ಏನೇನು ಹೋಗುತ್ತದೆ, ಏನು ಉಳಿಯುತ್ತದೆ ಎಂದು ನಾನು ಒಮ್ಮೆಯೂ ನಿಂತು ನೋಡಿರಲಿಲ್ಲ. ಎಂಥ ದೊಡ್ಡ ವಿದ್ಯೆ ಇದು, ಎಷ್ಟು ಸಣ್ಣದು ಮಾಡಿ ಹಂಚಿದೆ ಎಂದು ಅನ್ನಿಸಿತು.

ಇಬ್ಬರೂ ವಿಕಾಸನ ಹತ್ತಿರ ಹೋದೆವು. ನನ್ನ ಕಾಗದ ಹರಿದು ಹಾಕು, ತಪ್ಪು ನನ್ನದು ಎಂದೆ. ಅವನು ನಕ್ಕ. ಬೆಳಿಗ್ಗೆ ಒಂದು, ಸಂಜೆಗೆ ಇನ್ನೊಂದು, ಕಾಕಾನ ಗಣಿತ ಬಿಸಿಲಿಗೆ ಬದಲಾಗುತ್ತದೆ ಎಂದ. ಸಿಟ್ಟು ನೆತ್ತಿಗೇರಿತು. ಆದರೆ ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆಗ ಶಿವಕಾಂತಾ ವಿಕಾಸನ ತೂಕ ಎಷ್ಟೆಂದು ತನ್ನ ಹರಕು ಮರಾಠಿಯಲ್ಲಿ ಕೇಳಿದಳು. ಅವನು ಜಿಮ್ಮಿಗೆ ಹೋಗುವವನು, ಎಪ್ಪತ್ನಾಲ್ಕು ಎಂದು ಎದೆ ಉಬ್ಬಿಸಿ ಹೇಳಿದ. ನನ್ನದು ಅರವತ್ತೊಂದು, ಸಕ್ಕರೆ ಕಾಯಿಲೆಯ ಡಾಕ್ಟರು ತಿಂಗಳಿಗೊಮ್ಮೆ ತೂಗುತ್ತಾರೆ. ಅವಳು ಒಂದು ಕ್ಷಣ ಮೇಲೆ ನೋಡಿ, ನೀವಿಬ್ಬರೂ ಖಾಲಿ ಲಿಫ್ಟಿನೊಳಗೆ ನಿಂತರೆ ಯಂತ್ರ ಹದಿನೈದು ತೋರಿಸುತ್ತದೆ ಎಂದಳು. ಹದಿನೈದಕ್ಕಿಂತ ಹೆಚ್ಚುಕಡಿಮೆ ತೋರಿಸಿದರೆ ತಾನು ಸಾಯುವವರೆಗೆ ಘಮೇಲಿ ಹೊರುವುದಾಗಿ ಹೇಳಿದಳು.

ಅಷ್ಟು ಹೊತ್ತಿಗೆ ಗೌಂಡಿಗಳೆಲ್ಲ ಕೆಳಗಿಳಿದು ಬಂದಿದ್ದರು. ಅಂಬಣ್ಣನೂ ಬಂದು ಹೆಂಡತಿಯ ಹಿಂದೆ ನಿಂತಿದ್ದ. ಲಿಫ್ಟು ನೆಲದ ಮೇಲೇ ಇತ್ತು. ಮೊದಲು ನಾನು ಒಳಗೆ ಹೋದೆ. ಅಂಕಿ ಸೊನ್ನೆ. ಅರವತ್ತೊಂದು ಕಿಲೋದ ಮನುಷ್ಯ, ಒಂದು ಜೊತೆ ಚಪ್ಪಲಿ, ಒಂದು ಬೀಗದ ಕೈ ಗೊಂಚಲು, ಎಲ್ಲ ಸೇರಿ ಸೊನ್ನೆ. ವಿಕಾಸ ಒಂದು ಕಾಲಿಟ್ಟ, ಆಮೇಲೆ ಇನ್ನೊಂದು. ಅಂಕಿ ಅಲುಗಾಡಿತು. ಏಳು, ಹನ್ನೆರಡು, ಹದಿನೆಂಟು. ಅವನು ಉಸಿರು ಹಿಡಿದು ನಿಂತ. ಹದಿನೈದಕ್ಕೆ ಬಂದು ನಿಂತಿತು.

ವಿಕಾಸನ ಮುಖ ಬಿಳಿಚಿಕೊಂಡಿತ್ತು. ನಾಲ್ಕು ತಿಂಗಳು ಗಂಟೆ ಹೊಡೆಯುವವರೆಗೆ ತುಂಬಿಸಿದ್ದು ಅವನೇ. ಅವನು ಕಿಸೆಯಿಂದ ನನ್ನ ಕಾಗದ ತೆಗೆದು, ಹರಿಯದೆ, ಅವಳ ಕೈಗೆ ಕೊಟ್ಟ. ಆಮೇಲೆ ಲಿಫ್ಟಿನ ಕೀಲಿಯನ್ನೂ ಕೊಟ್ಟ.

ಗುರುವಾರ ಲಿಫ್ಟು ಏರಲಿಲ್ಲ. ಕಂಪನಿಯ ಮಿಸ್ತ್ರಿ ಬಂದು ಬ್ರೇಕು ಬಿಚ್ಚಿದ. ಮಿತಿ ಮೀರಿದ ಭಾರ ತಡೆದು ತಡೆದು ಅದರ ಪಟ್ಟಿ ಸವೆದು ಹಾಳೆಯಷ್ಟು ತೆಳ್ಳಗಾಗಿತ್ತು. ಇನ್ನೆಷ್ಟು ಸಲ ತಡೆಯುತ್ತಿತ್ತು ಎಂದು ಕೇಳಿದೆ. ಅದನ್ನು ಕೇಳಬೇಡಿ ಎಂದು ಹಿಂದಿಯಲ್ಲಿ ಹೇಳಿ ಕೈ ಒರೆಸಿಕೊಂಡ. ತೂಕದ ಯಂತ್ರವನ್ನೂ ತಪಾಸಣೆ ಮಾಡಿದ. ಅದರಲ್ಲಿ ಕೆಟ್ಟದ್ದು ಏನೂ ಇರಲಿಲ್ಲ. ಮಳೆಗಾಲದ ಶುರುವಿನಲ್ಲಿ ತೂಕದ ಪೆಟ್ಟಿಗೆ ಬದಲಿಸಿದವರು ಸೊನ್ನೆಯ ಗುಂಡಿ ಒತ್ತುವಾಗ ಲಿಫ್ಟು ಖಾಲಿ ಇರಲಿಲ್ಲ, ಅಷ್ಟೇ. ಒಳಗಿದ್ದದ್ದನ್ನೆಲ್ಲ ಅದು ಸೊನ್ನೆ ಎಂದು ಹಿಡಿದಿತ್ತು.

ಆಗ ಅಂಬಣ್ಣ ಮೆಲ್ಲಗೆ ಮುಂದೆ ಬಂದ. ಅವನು ಮಾತು ಕಮ್ಮಿಯ ಮನುಷ್ಯ.

“ಅವತ್ತು ಒಳಗ ನಾ ಇದ್ದೆರಿ, ಹಣಮಂತ್ರಾಯ ಇದ್ದ,” ಎಂದ. “ಇಳೀಲೇನ್ರಿ ಅಂದ್ವಿ. ಬ್ಯಾಡ, ನೀವ್ ಇದ್ರ ಏನಾಗ್ತದ, ಅಲ್ಲಾಡಬ್ಯಾಡ್ರಿ ಅಂದ್ರು. ಅಲ್ಲಾಡಲಿಲ್ರಿ.”

ಲಿಫ್ಟು ಖಾಲಿ ಮಾಡಿಸಿ, ಸೊನ್ನೆ ಸರಿಮಾಡಿಸಿ, ಅವರಿಬ್ಬರನ್ನೂ ಒಬ್ಬೊಬ್ಬರಾಗಿ ಅಲ್ಲೇ ತೂಗಿದೆವು. ಅಂಬಣ್ಣ ಐವತ್ತೇಳು. ಅವನ ಜೊತೆಯ ಗೌಂಡಿ ಹಣಮಂತ್ರಾಯ ಅರವತ್ತಮೂರು. ಕೂಡಿದ್ದು ನಾನಲ್ಲ, ವಿಕಾಸ. ಕೂಡಿ ಮುಗಿಸಿ, ನೂರಾ ಇಪ್ಪತ್ತು ಎಂದ.

ಶಿವಕಾಂತಾ ಗಂಡನ ಮುಖ ನೋಡಿದಳು. ಎರಡು ತಿಂಗಳಿಂದ ಗೋಡೆಯ ಮೇಲೆ ಗೆರೆ ಎಳೆದು, ಅಳಿಸಿ, ಮತ್ತೆ ಎಳೆದು ಅವಳು ಹುಡುಕುತ್ತಿದ್ದದ್ದು ಅವನನ್ನೇ ಎಂದು ಅವಳಿಗೆ ಆಗ ಹೊಳೆದಿರಬೇಕು. ಬಾಯಿಗೆ ಸೆರಗು ಹಿಡಿದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾನೂ ಅತ್ತೆ ಎಂದು ಬರೆಯಲು ಅಡ್ಡಿಯಿಲ್ಲ, ಈ ವಯಸ್ಸಿನಲ್ಲಿ ಮುಚ್ಚಿಡುವಂಥದ್ದೇನಿದೆ.

ಈಗ ಯಂತ್ರ ಸರಿ ಇದೆ, ಬ್ರೇಕು ಹೊಸದು. ನಾನು ಹತ್ತಕ್ಕೆ ಹೋಗುವುದನ್ನು ಬಿಟ್ಟು ಎಂಟಕ್ಕೇ ಹೋಗುತ್ತೇನೆ, ಮೊದಲ ಲಿಫ್ಟು ಏರುವುದನ್ನು ನೋಡಲು. ಗೌಂಡಿಗಳು ಹೊರಗೆ ಸಾಲಾಗಿ ನಿಂತಿರುತ್ತಾರೆ. ಶಿವಕಾಂತಾ ಕುರ್ಚಿಯ ಮೇಲೆ ಕೂತು ಗಂಡನನ್ನು ಹೆಸರು ಹಿಡಿಯದೆ ಕರೆಯುತ್ತಾಳೆ. ಅಂಬಣ್ಣ ಒಬ್ಬನೇ ಹೋಗಿ ಖಾಲಿ ಲಿಫ್ಟಿನ ನಡುವೆ ಕೈ ಕಟ್ಟಿಕೊಂಡು ಅಲ್ಲಾಡದೆ ನಿಲ್ಲುತ್ತಾನೆ. ಅವಳು ಕೆಂಪು ಅಂಕಿಯನ್ನೇ ನೋಡುತ್ತಾಳೆ. ಅದು ಐವತ್ತೇಳು ತೋರಿಸಿದ ಮೇಲೆ ಉಳಿದವರಿಗೆ ಹತ್ತಲು ಹೇಳುತ್ತಾಳೆ.